ಐರಿಷ್ ಪುರಾಣಗಳ ಮಾಯಾ ಸಮುದ್ರಯಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಯಾವ ಕಥೆಗಳು ಈ ಗುಂಪಿಗೆ ಸೇರುತ್ತವೆ?

ಹಳೆಯ ಐರಿಷ್ ಕಥೆಗಾರರು ಎರಡು ಜಾತಿ ಮಾಡಿಕೊಂಡಿದ್ದರು. ‘ಇಮ್ರಮ್’ ಎಂದರೆ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಕಥೆ. ‘ಎಖ್ತ್ರ’ ಎಂದರೆ ಮನುಷ್ಯನೊಬ್ಬ ಆಚೆಲೋಕಕ್ಕೆ ಹೋಗುವ ಕಥೆ. ಗುಡ್ಡದೊಳಗಿಂದಲೋ ಮಂಜಿನೊಳಗಿಂದಲೋ ಕಡಲ ಮೇಲಿಂದಲೋ, ದಾರಿ ಯಾವುದಾದರೂ ಸರಿ. ಇಮ್ರಮ್‌ನಲ್ಲಿ ದಾರಿಯೇ ಕಥೆ, ಎಖ್ತ್ರದಲ್ಲಿ ತಲುಪಿದ ಜಾಗವೇ ಕಥೆ.

ಇಮ್ರಮ್ ಹೆಸರಿನಲ್ಲಿ ನಮ್ಮ ಕಾಲದವರೆಗೆ ಉಳಿದುಬಂದವು ಮೂರು: ಮೈಲ್ ದೂನ್‌ನ ಯಾನ, ಕೊರ್ರ ವಂಶದ ಮೂವರು ಸಹೋದರರ ಯಾನ, ಸ್ನೇಡ್ಗುಸ್ ಮತ್ತು ಮಕ್ ರಿಯಗ್ಲ ಎಂಬ ಇಬ್ಬರು ಸನ್ಯಾಸಿಗಳ ಯಾನ. ಎಲ್ಲರೂ ಮೊದಲು ಹೆಸರಿಸುವ ‘ಬ್ರಾನ್‌ನ ಯಾನ’ವನ್ನು ಮಧ್ಯಯುಗದ ಕಥಾಪಟ್ಟಿಗಳು ಎಖ್ತ್ರಗಳ ಸಾಲಿನಲ್ಲಿಟ್ಟಿವೆ. ಇದಕ್ಕಾಗಿ ಜಗಳ ಬೇಕಿಲ್ಲ, ಎರಡೂ ಗುಣ ಅದರಲ್ಲಿವೆ. ಐರಿಷ್ ಸನ್ಯಾಸಿ ಸಂತ ಬ್ರೆಂಡನ್‌ನ ಯಾನ ಲ್ಯಾಟಿನ್ ಭಾಷೆಯದು, ಬರೆದವರು ಸನ್ಯಾಸಿಗಳು. ಆದರೂ ಮೈಲ್ ದೂನ್ ಕಥೆಗೆ ಅದು ಒಡಹುಟ್ಟಿನಷ್ಟು ಹತ್ತಿರ.

ಹೆಸರುಗಳನ್ನು ಹೇಗೆ ಓದುವುದು?

ಐರಿಷ್ ಕಾಗುಣಿತಕ್ಕೂ ಉಚ್ಚಾರಕ್ಕೂ ನಡುವೆ ದೊಡ್ಡ ಕಂದಕವಿದೆ. ಇಲ್ಲಿ ಕನ್ನಡದ ನಾಲಿಗೆಗೆ ಹೊಂದುವಂತೆ ಬರೆದಿದ್ದೇವೆ. ‘ಇಮ್ರಮ್’ನ ಕೊನೆಯ ಮಕಾರವನ್ನು ಹಳಬರು ಮೂಗಿನಿಂದ ‘ವ್’ ಎಂದು ಹೇಳುತ್ತಿದ್ದರು. ‘ಎಖ್ತ್ರ’, ‘ನೆಖ್ತಾನ್’ಗಳಲ್ಲಿ ಗಂಟಲಿನ ಖಕಾರ ಬರಬೇಕು. ‘ಮಕ್’ ಎಂದರೆ ಮಗ. ಇಷ್ಟು ಸಾಕು.

ಬ್ರಾನ್‌ನ ಕಥೆ ಏನು?

ಫೆಬಲ್‌ನ ಮಗ ಬ್ರಾನ್ ಕೋಟೆಯ ಬಳಿ ಒಬ್ಬನೇ ಅಡ್ಡಾಡುತ್ತಿದ್ದಾಗ ಬೆನ್ನ ಹಿಂದೆ ಸಂಗೀತ ಕೇಳುತ್ತದೆ. ತಿರುಗಿದರೆ ಮತ್ತೆ ಬೆನ್ನ ಹಿಂದೆಯೇ. ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾನೆ. ಎದ್ದಾಗ ಪಕ್ಕದಲ್ಲಿ ಬೆಳ್ಳಿಯ ಕೊಂಬೆ, ಅದರಲ್ಲಿ ಬಿಳಿ ಹೂ. ಕೊಂಬೆ ಎಲ್ಲಿ ಮುಗಿದು ಹೂ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಷ್ಟು ಬೆಳ್ಳಗೆ. ಅದನ್ನು ಅರಮನೆಗೆ ತಂದರೆ, ಬಾಗಿಲು ಹಾಕಿದ ಕೋಟೆಯೊಳಗೆ ಯಾರೂ ಕಂಡರಿಯದ ಉಡುಗೆಯ ಹೆಣ್ಣೊಬ್ಬಳು ನಿಂತಿದ್ದಾಳೆ. ದುಃಖವಿಲ್ಲದ, ಸಾವಿಲ್ಲದ ನಾಡನ್ನು ಹಾಡುತ್ತಾಳೆ. ಪಡುವಣ ಕಡಲಲ್ಲಿ ಮೂರು ಐವತ್ತು, ಅಂದರೆ 150 ದ್ವೀಪಗಳಿವೆ, ಒಂದೊಂದೂ ಐರ್ಲೆಂಡಿನ ಎರಡು ಮೂರು ಪಟ್ಟು ಎನ್ನುತ್ತಾಳೆ. ಹೋಗುವಾಗ ಕೊಂಬೆ ಬ್ರಾನ್‌ನ ಕೈಯಿಂದ ಅವಳ ಕೈಗೆ ಹಾರುತ್ತದೆ. ಹಿಡಿದಿಟ್ಟುಕೊಳ್ಳಲು ಅವನ ಕೈಯಲ್ಲಿ ಬಲವೇ ಇರುವುದಿಲ್ಲ.

ಮರುದಿನ ಬ್ರಾನ್ ಹೊರಡುತ್ತಾನೆ. ಒಂಬತ್ತರಂತೆ ಮೂರು ತಂಡ, ಒಟ್ಟು 27 ಜನ. ಎರಡು ಹಗಲು ಎರಡು ರಾತ್ರಿ ಕಳೆದ ಮೇಲೆ ಅಲೆಗಳ ಮೇಲೆ ರಥ ಓಡಿಸಿಕೊಂಡು ಲಿರ್‌ನ ಮಗ, ಕಡಲ ದೇವರು ಮನನ್ನಾನ್ ಎದುರಾಗುತ್ತಾನೆ. ಮುಂದೆ ನಗುವವರ ದ್ವೀಪ, ಆಮೇಲೆ ಹೆಂಗಸರ ನಾಡು. ದಡಕ್ಕೆ ಬರಲು ಬ್ರಾನ್ ಹಿಂಜರಿದಾಗ ಅಲ್ಲಿನ ಒಡತಿ ನೂಲಿನ ಉಂಡೆ ಎಸೆಯುತ್ತಾಳೆ. ಅದು ಅವನ ಅಂಗೈಗೆ ಅಂಟುತ್ತದೆ, ದಾರದಿಂದ ದೋಣಿಯನ್ನು ಎಳೆದುಕೊಳ್ಳುತ್ತಾಳೆ. ಅಲ್ಲಿ 27 ಮಂಚ ಸಿದ್ಧ, ತಟ್ಟೆಯ ಊಟ ಎಷ್ಟು ಉಂಡರೂ ಮುಗಿಯದು.

ಕಥೆಯ ಭಾಷೆ 7ನೇ ಶತಮಾನದ ಕೊನೆ ಅಥವಾ 8ನೆಯದರ ಆರಂಭದ್ದು. ಅದರ ಗದ್ಯ ಬಹಳ ಚಿಕ್ಕದು, ಜೀವ ಇರುವುದು ಹಾಡುಗಳಲ್ಲಿ. ಹೆಣ್ಣು 50 ಪದ್ಯ ಹಾಡಿದಳೆಂದು ಗದ್ಯ ಹೇಳುತ್ತದೆ, ಉಳಿದಿರುವುದು 28.

ಮನನ್ನಾನ್ ಕಡಲನ್ನು ಹೂವಿನ ಬಯಲು ಎನ್ನುವುದೇಕೆ?

ಈ ಗುಂಪಿನ ಕಥೆಗಳಿಗೆ ಕೀಲಿಕೈ ಇದೇ ಭಾಗ ಎಂಬುದು ನಮ್ಮ ಅಭಿಪ್ರಾಯ. ಬ್ರಾನ್‌ಗೆ ಕಾಣುವುದು ತಿಳಿ ಕಡಲು. ಅದೇ ಜಾಗ ಮನನ್ನಾನ್‌ಗೆ ಹೂ ತುಂಬಿದ ಬಯಲು. ಇವನಿಗೆ ಅಲೆ, ಅವನಿಗೆ ಹೂಗಿಡ. ಇವನಿಗೆ ಹಾರುವ ಸಾಲ್ಮನ್ ಮೀನು, ಅವನಿಗೆ ಕರು ಮತ್ತು ಕುರಿಮರಿ. ‘ನಿನ್ನ ದೋಣಿ ಈಗ ಒಂದು ಕಾಡಿನ ತಲೆಯ ಮೇಲೆ ತೇಲುತ್ತಿದೆ’ ಎಂದೂ ಹೇಳುತ್ತಾನೆ. ಅಂದರೆ ಆಚೆಲೋಕ ಕಡಲಿನ ಆಚೆ ದಡದಲ್ಲಿಲ್ಲ, ಬ್ರಾನ್ ಆಗಲೇ ಅದರ ಮೇಲಿದ್ದಾನೆ, ಕಾಣುತ್ತಿಲ್ಲ ಅಷ್ಟೆ. ಇದನ್ನು ಬಿಟ್ಟು ಓದಿದರೆ ಉಳಿಯುವುದು ಬರೀ ವಿಚಿತ್ರ ದ್ವೀಪಗಳ ಪಟ್ಟಿ.

ಮೈಲ್ ದೂನ್‌ನ ಕಥೆಯಲ್ಲಿ ಇದೇ ನೋಟ ಭಯ ಹುಟ್ಟಿಸುತ್ತದೆ. ಒಂದೆಡೆ ಕಡಲು ಹಸಿರು ಗಾಜಿನಂತೆ ತಿಳಿಯಾಗಿ ತಳದ ಮರಳು ಕಾಣುತ್ತದೆ. ಇನ್ನೊಂದೆಡೆ ನೀರು ಮೋಡದಂತೆ ತೆಳುವಾಗಿ, ಕೆಳಗೆ ಕೋಟೆಗಳು, ದನಗಳು, ಮರದ ಮೇಲೆ ಕೂತ ಒಂದು ಮೃಗ. ದೋಣಿ ಆ ನೀರಿನ ಮೇಲೆ ನಿಲ್ಲುವುದೇ ಅನುಮಾನ ಎಂದು ಹೆದರಿಕೊಂಡೇ ದಾಟುತ್ತಾರೆ.

ಎಂಥ ದೋಣಿ ಅದು? ತೊಗಲಿನ ದೋಣಿಯಲ್ಲಿ ಅಟ್ಲಾಂಟಿಕ್ ದಾಟಲಾದೀತೇ?

ದೋಣಿಯ ಹೆಸರು ಕರಖ್. ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ತತ್ವ ಗೊತ್ತು: ಹೆಣೆದ ಚೌಕಟ್ಟು, ಮೇಲೆ ತೊಗಲಿನ ಹೊದಿಕೆ. ಹರಿಗೋಲು ದುಂಡಗೆ, ಹೊಳೆಗೆ ತಕ್ಕದ್ದು. ಕರಖ್ ಉದ್ದಕ್ಕೆ, ಅಲೆ ಏರುವಂತೆ ಮೂತಿ ಮೇಲೆದ್ದದ್ದು.

ಬ್ರೆಂಡನ್‌ನ ಲ್ಯಾಟಿನ್ ಕಥೆ ದೋಣಿ ಕಟ್ಟುವ ಕ್ರಮವನ್ನೇ ಕೊಡುತ್ತದೆ. ಹಗುರ ಮರದ ಪಕ್ಕೆಲುಬುಗಳ ಚೌಕಟ್ಟು. ಅದರ ಮೇಲೆ ಓಕ್ ತೊಗಟೆಯಲ್ಲಿ ಹದ ಮಾಡಿದ ಎತ್ತಿನ ಚರ್ಮ. ಚರ್ಮಗಳ ಕೂಡುವಿಕೆಗೆಲ್ಲ ಹೊರಗಿನಿಂದ ಕೊಬ್ಬು. ನಡುವೆ ಹಾಯಿಕಂಬ, ಹಾಯಿ, ಚುಕ್ಕಾಣಿ. ಒಳಗೆ 40 ದಿನದ ಆಹಾರ, ಇನ್ನೂ ಎರಡು ದೋಣಿ ಹೊದಿಸಲು ಬೇಕಾದಷ್ಟು ಚರ್ಮ, ಚರ್ಮಕ್ಕೆ ಹಚ್ಚಲು ಬೇರೆ ಕೊಬ್ಬು. ಕೊನೆಯ ಎರಡು ವಸ್ತುಗಳನ್ನು ಗಮನಿಸಿ. ಬರೆದವನಿಗೆ ಕಡಲ ಕೆಲಸ ಗೊತ್ತಿತ್ತು. ಇಂಥ ದೋಣಿ ಕೆಡುವುದು ಹೊಲಿಗೆಯಲ್ಲಿ ಮತ್ತು ಒಣಗಿದ ಚರ್ಮದಲ್ಲಿ: ಜಿಡ್ಡು ತೊಳೆದುಹೋದರೆ ತೊಗಲು ನೀರು ಕುಡಿಯುತ್ತದೆ, ಭಾರವಾಗುತ್ತದೆ, ಆಮೇಲೆ ಕೊಳೆಯುತ್ತದೆ.

ಮೈಲ್ ದೂನ್‌ನದು ಮೂರು ಪದರ ತೊಗಲಿನ ದೋಣಿ, ಕೊರ್ರ ಸಹೋದರರದೂ ಹಾಗೆಯೇ.

ಆಗುತ್ತದೋ ಇಲ್ಲವೋ ಎಂಬುದನ್ನು ಸಾಹಸಯಾತ್ರಿ ಟಿಮ್ ಸೆವೆರಿನ್ 1976–77ರಲ್ಲಿ ಮಾಡಿಯೇ ತೋರಿಸಿದರು. 36 ಅಡಿ ಉದ್ದ, ಆಷ್ ಮರದ ಪಟ್ಟಿಗಳು, ಅವನ್ನು ಬಿಗಿಯಲು ಚರ್ಮದ ದಾರ, ಓಕ್ ತೊಗಟೆಯಲ್ಲಿ ಹದ ಮಾಡಿದ 49 ಎತ್ತಿನ ಚರ್ಮ, ಹೊಲಿಯಲು ಅಗಸೆ ನಾರಿನ ದಾರ, ಮೇಲೆ ಕುರಿಯ ಉಣ್ಣೆಯ ಜಿಡ್ಡು. 1976ರ ಮೇ 17ರಂದು ಕೆರಿ ಜಿಲ್ಲೆಯ ಬ್ರಾಂಡನ್ ಕ್ರೀಕ್‌ನಿಂದ ಹೊರಟು, ಹೆಬ್ರಿಡೀಸ್, ಫ಼ಾರೋ ದ್ವೀಪಗಳ ಮೂಲಕ ಐಸ್‌ಲ್ಯಾಂಡ್ ಸೇರಿ, ಚಳಿಗಾಲಕ್ಕೆ ದೋಣಿಯನ್ನು ಅಲ್ಲೇ ಬಿಟ್ಟು, 1977ರ ಜೂನ್ 26ರಂದು ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದರು. ಕೆನಡಾದ ಲ್ಯಾಬ್ರಡಾರ್ ಕಡೆಯ ಹಿಮಗಡ್ಡೆ ಚರ್ಮವನ್ನು ತೂತು ಮಾಡಿತು. ಒಳಗಿನಿಂದ ಒಬ್ಬ, ಕೊರೆಯುವ ನೀರಿನತ್ತ ಬಾಗಿ ಹೊರಗಿನಿಂದ ಒಬ್ಬ ಸೂಜಿ ದಾಟಿಸುತ್ತ ತೇಪೆ ಹೊಲಿದರು. ಹಲಗೆಯ ದೋಣಿಯಾಗಿದ್ದರೆ ನಡುಗಡಲಲ್ಲಿ ಈ ರಿಪೇರಿ ಇಷ್ಟು ಸುಲಭವಿರುತ್ತಿರಲಿಲ್ಲ. ಇದರಿಂದ ಸಾಬೀತಾದದ್ದು ದೋಣಿಯ ಯೋಗ್ಯತೆ ಮಾತ್ರ. ಬ್ರೆಂಡನ್ ಅಮೆರಿಕಕ್ಕೆ ಹೋಗಿದ್ದ ಎಂದು ಇದನ್ನೇ ಪುರಾವೆಯಾಗಿ ಹಿಡಿಯುವವರಿಗೆ ಕಿವಿಗೊಡಬೇಡಿ.

ಎಷ್ಟು ಜನ ಹೋಗಬೇಕು ಎಂಬ ಲೆಕ್ಕ ಅಷ್ಟು ಮುಖ್ಯವೇ?

ಅದೇ ಮುಖ್ಯ. ಮೈಲ್ ದೂನ್‌ನ ಕಥೆ ಕೆಡುವುದೇ ಅಲ್ಲಿ.

ಅವನ ತಂದೆಯನ್ನು ದರೋಡೆಕೋರರು ಕೊಂದಿದ್ದರು. ಸೇಡಿಗಾಗಿ ಕಡಲ ದಾರಿ ಹಿಡಿಯಲು ಅವನು ಕ್ಲೇರ್ ಸೀಮೆಯ ಕೊರ್ಕೊಮ್ರೋದ ನೂಕ ಎಂಬ ದ್ರುಯಿದನನ್ನು, ಅಂದರೆ ಅಲ್ಲಿನ ಮಂತ್ರವಾದಿ ಪುರೋಹಿತನನ್ನು ಕೇಳುತ್ತಾನೆ. ದೋಣಿ ಕಟ್ಟಲು ಶುರುಮಾಡುವ ದಿನ, ಹೊರಡುವ ದಿನ, ಜನರ ಸಂಖ್ಯೆ ಎಲ್ಲವನ್ನೂ ಅವನು ಗೊತ್ತುಮಾಡುತ್ತಾನೆ: 17 ಜನ, ಒಬ್ಬ ಹೆಚ್ಚೂ ಬೇಡ, ಒಬ್ಬ ಕಡಿಮೆಯೂ ಬೇಡ. ದೋಣಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಜೊತೆಯಲ್ಲಿ ಬೆಳೆದ ಮೂವರು ಸಾಕು ಸಹೋದರರು ದಡದಿಂದ ಕೂಗುತ್ತಾರೆ, ನೀನು ನಿಲ್ಲದಿದ್ದರೆ ಮುಳುಗಿ ಸಾಯುತ್ತೇವೆಂದು ನೀರಿಗೆ ಹಾರುತ್ತಾರೆ. ಹತ್ತಿಸಿಕೊಳ್ಳದೆ ವಿಧಿಯಿಲ್ಲ. ಎಣಿಕೆ 20 ಆಯಿತು.

ಆ ನಡುರಾತ್ರಿಯೇ ಎರಡು ಚಿಕ್ಕ ದ್ವೀಪಗಳು ಸಿಗುತ್ತವೆ. ಒಳಗಿಂದ ಕುಡಿದ ಗದ್ದಲ. ಮೈಲ್ ದೂನ್‌ನ ತಂದೆಯನ್ನು ಕೊಂದವನು ನಾನೇ ಎಂದು ಒಬ್ಬ ಜಂಬ ಕೊಚ್ಚುವುದೂ ಕೇಳಿಸುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಯಬೇಕಿದ್ದ ಕೆಲಸ. ಅಷ್ಟರಲ್ಲಿ ಬಿರುಗಾಳಿ ಎದ್ದು ದೋಣಿಯನ್ನು ಹೊರಗಡಲಿಗೆ ನೂಕುತ್ತದೆ. ನಿಮ್ಮ ಮೂವರಿಂದಲೇ ಹೀಗಾಯಿತು ಎಂದು ಮೈಲ್ ದೂನ್ ಬೈಯುತ್ತಾನೆ. ಮುಂದೆ ಬರುವ ಮೂವತ್ತಕ್ಕೂ ಹೆಚ್ಚು ದ್ವೀಪಗಳೆಲ್ಲ ಆ ಮೂರು ಹೆಚ್ಚುವರಿ ತಲೆಗಳ ಫಲ. ಆ ಮೂವರು ಮೂರು ದ್ವೀಪಗಳಲ್ಲಿ ಕಳಚಿಕೊಂಡ ಮೇಲೆಯೇ ದೋಣಿಗೆ ಊರ ದಾರಿ ತೆರೆಯುವುದು.

ಬ್ರೆಂಡನ್‌ನ ಕಥೆಯೂ ಇದೇ ಲೆಕ್ಕ ಹಿಡಿದಿದೆ: ಅವನೇ ಆರಿಸಿದ ಸನ್ಯಾಸಿಗಳು 14, ಹೊರಡುವಾಗ ಕಾಲಿಗೆ ಬಿದ್ದು ಸೇರಿಕೊಂಡವರು ಮೂವರು. ಆ ಮೂವರೂ ಮರಳಲಿಲ್ಲ. ಒಬ್ಬ ಬೆಳ್ಳಿಯ ಕಡಿವಾಣ ಕದ್ದು, ತಪ್ಪೊಪ್ಪಿ ಸತ್ತ. ಒಬ್ಬ ಸದಾ ಸ್ತೋತ್ರ ಹಾಡುವವರ ದ್ವೀಪದಲ್ಲಿ ನೆಮ್ಮದಿಯಾಗಿ ಉಳಿದ. ಇನ್ನೊಬ್ಬನನ್ನು ಬೆಂಕಿಬೆಟ್ಟದ ದ್ವೀಪದಲ್ಲಿ ಪಿಶಾಚಿಗಳು ಎಳೆದೊಯ್ದವು.

ಮೈಲ್ ದೂನ್‌ನ ಸಂಗಡಿಗರು ಕಳೆದುಹೋದದ್ದು ಹೇಗೆ?

ಮೊದಲನೆಯವನ ಸಾವನ್ನು ನಿಧಾನವಾಗಿ ಓದಬೇಕು, ಇಡೀ ಕಥೆಯಲ್ಲಿ ಅತ್ಯಂತ ಹದವಾಗಿ ಬರೆದ ಪುಟ ಅದು. ಹಸಿದು ಬಂದವರಿಗೆ ಎತ್ತರದ ಬಿಳಿ ಕೋಟೆ ಕಾಣುತ್ತದೆ. ದೊಡ್ಡ ಮನೆಯ ನಡುವೆ ನಾಲ್ಕು ಕಲ್ಲುಕಂಬ, ಒಂದು ಪುಟ್ಟ ಬೆಕ್ಕು ಕಂಬದಿಂದ ಕಂಬಕ್ಕೆ ನೆಗೆದು ಆಡುತ್ತಿದೆ. ಗೋಡೆಯ ಮೇಲೆ ಮೂರು ಸಾಲು: ಬೆಳ್ಳಿ ಬಂಗಾರದ ಉಡುಪಿನ ಪಿನ್ನುಗಳು, ಪೀಪಾಯಿಯ ಬಳೆಯಷ್ಟು ದಪ್ಪದ ಕಂಠಹಾರಗಳು, ಬಂಗಾರದ ಹಿಡಿಯ ಕತ್ತಿಗಳು. ಬೇಯಿಸಿದ ಎತ್ತು, ಹಂದಿ ಮಾಂಸ, ಮದ್ಯದ ಪಾತ್ರೆಗಳು. ‘ಇದೆಲ್ಲ ನಮಗಾಗಿಯೇ?’ ಎಂದು ಮೈಲ್ ದೂನ್ ಬೆಕ್ಕನ್ನು ಕೇಳುತ್ತಾನೆ. ಬೆಕ್ಕು ಒಮ್ಮೆ ನೋಡಿ ಮತ್ತೆ ಆಟಕ್ಕೆ ತೊಡಗುತ್ತದೆ. ಉಂಡು, ಮಲಗಿ, ಮಿಕ್ಕದ್ದನ್ನು ಕಟ್ಟಿಕೊಳ್ಳುತ್ತಾರೆ. ‘ಒಂದು ಹಾರ ತೆಗೆದುಕೊಳ್ಳಲೇ?’ ಎನ್ನುತ್ತಾನೆ ಸಾಕು ಸಹೋದರ. ‘ಬೇಡ, ಮನೆಗೆ ಕಾವಲಿದೆ.’ ಕೇಳದೆ ಎತ್ತಿಕೊಂಡು ಅಂಗಳದ ನಡುವಿನವರೆಗೆ ಬರುತ್ತಾನೆ. ಬೆಕ್ಕು ಬೆಂಕಿಯ ಬಾಣದಂತೆ ಅವನ ಮೈಯೊಳಗಿಂದ ಹಾಯುತ್ತದೆ. ಅವನು ಬೂದಿ, ಬೆಕ್ಕು ಮತ್ತೆ ಕಂಬದ ಮೇಲೆ. ಮೈಲ್ ದೂನ್ ಬೆಕ್ಕನ್ನು ಸಮಾಧಾನ ಮಾಡಿ, ಹಾರವನ್ನು ಇದ್ದಲ್ಲಿಟ್ಟು, ಬೂದಿ ಬಳಿದು ಕಡಲಿಗೆ ಚೆಲ್ಲುತ್ತಾನೆ.

ಉಂಡದ್ದಕ್ಕೆ ದಂಡವಿಲ್ಲ, ಕೇಳಿ ಉಂಡರು. ಕದ್ದದ್ದಕ್ಕೆ ದಂಡ.

ಎರಡನೆಯವನು ಕಪ್ಪು ಜನ ಸದಾ ಅಳುವ ದ್ವೀಪದಲ್ಲಿ ಇಳಿದು, ತಾನೂ ಅಳುವವರಲ್ಲೊಬ್ಬನಾದ. ಅವನನ್ನು ಕರೆತರಲು ಹೋದವರಿಗೂ ಅಳು ಹತ್ತಿತು. ಆಮೇಲೆ ಹೋದ ನಾಲ್ವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಆ ನೆಲದ ಗಾಳಿ ಉಸಿರಾಡದೆ, ನೆಲವನ್ನೂ ಅತ್ತಿತ್ತ ನೋಡದೆ, ಕಣ್ಣನ್ನು ತಮ್ಮವರ ಮೇಲೆಯೇ ನೆಟ್ಟು ಹೋಗಿ ಅವರನ್ನು ಎಳೆತಂದರು. ಸಾಕು ಸಹೋದರ ಮಾತ್ರ ಅಲ್ಲೇ ಉಳಿದ. ಮೂರನೆಯವನು ನಗುವವರ ದ್ವೀಪದಲ್ಲಿ ಉಳಿದ.

ಹುಟ್ಟು ಬಿಟ್ಟು ಕಡಲಿಗೆ ದೋಣಿ ಒಪ್ಪಿಸುವುದು ಕಥೆಯ ಕಲ್ಪನೆಯೇ?

ಅಲ್ಲ. ಐರ್ಲೆಂಡಿನಲ್ಲಿ ಅದು ಶಿಕ್ಷೆಯೂ ಹೌದು, ವ್ರತವೂ ಹೌದು.

ಶಿಕ್ಷೆಗೆ ಉದಾಹರಣೆ ಮಠಾಧಿಪತಿ ಅದೋಮ್ನಾನ್ 697ರಲ್ಲಿ ಮಾಡಿದ ಕಾನೂನು. ಕೊಲೆಯಂಥ ಅಪರಾಧ ಮಾಡಿದ ಹೆಂಗಸನ್ನು ಕೊಲ್ಲದೆ, ಒಂದೇ ಹುಟ್ಟಿನ ದೋಣಿಯಲ್ಲಿ ಕೂರಿಸಿ, ಹಿಟ್ಟು ನೀರಿನ ಒಂದು ಪಾತ್ರೆ ಕೊಟ್ಟು, ದಡದಿಂದ ಬೀಸುವ ಗಾಳಿಗೆ ಬಿಡಬೇಕು, ತೀರ್ಪು ದೇವರದು. ಸಂತ ಪ್ಯಾಟ್ರಿಕ್‌ನ ಹಳೆಯ ಚರಿತ್ರೆಯೊಂದರಲ್ಲಿ ಮಕ್ ಕುಯಿಲ್ ಎಂಬ ದುಷ್ಟ ಕಾಲಿಗೆ ಬೇಡಿ ಹಾಕಿಸಿಕೊಂಡು, ಕೀಲಿಯನ್ನು ಕಡಲಿಗೆಸೆದು, ಒಂದೇ ತೊಗಲಿನ ದೋಣಿಯಲ್ಲಿ ಹುಟ್ಟಿಲ್ಲದೆ ತೇಲಿ ಮಾನ್ ದ್ವೀಪ ಸೇರುತ್ತಾನೆ. ಸ್ನೇಡ್ಗುಸ್ ಮತ್ತು ಮಕ್ ರಿಯಗ್ಲರ ಕಥೆ ಶುರುವಾಗುವುದೂ ಇಂಥ ಶಿಕ್ಷೆಯಿಂದಲೇ. ರಾಜನನ್ನು ಕೊಂದ ಜನರಲ್ಲಿ 60 ದಂಪತಿಗಳನ್ನು ಕಡಲಿಗೆ ಬಿಡಲಾಗುತ್ತದೆ, ಅದನ್ನು ಕಂಡ ಇಬ್ಬರು ಸನ್ಯಾಸಿಗಳು ತಾವಾಗಿಯೇ ಹುಟ್ಟುಗಳನ್ನು ಒಳಗೆಳೆದುಕೊಳ್ಳುತ್ತಾರೆ.

ವ್ರತಕ್ಕೆ ಕಥೆಯ ಹೊರಗಿನ ಗಟ್ಟಿ ಸಾಕ್ಷಿ ಇಂಗ್ಲೆಂಡಿನ ದಾಖಲೆಯೊಂದರಲ್ಲಿದೆ. 891ರಲ್ಲಿ ಮೂವರು ಐರಿಷರು ಹುಟ್ಟಿಲ್ಲದ ದೋಣಿಯಲ್ಲಿ ಕಾರ್ನ್‌ವಾಲ್ ದಡ ಸೇರಿ, ಅಲ್ಲಿಂದ ರಾಜ ಆಲ್ಫ್ರೆಡ್‌ನ ಬಳಿಗೆ ಹೋದರು. ದೋಣಿಗೆ ಎರಡೂವರೆ ಚರ್ಮ, ಜೊತೆಗೆ ಏಳು ದಿನದ ಊಟ; ಏಳನೇ ದಿನವೇ ದಡ ಸಿಕ್ಕಿತು. ದೇವರಿಗಾಗಿ ಎಲ್ಲಿಗಾದರೂ ಸರಿ ಎಂದು ಹೊರಟಿದ್ದರಂತೆ.

ಇದು ಗೊತ್ತಿದ್ದರೆ ಇಮ್ರಮ್‌ಗಳಲ್ಲಿ ನಾಯಕ ‘ಹುಟ್ಟು ಎತ್ತಿಡಿ, ದೇವರು ನಡೆಸಲಿ’ ಎನ್ನುವ ಜಾಗ ಬೇರೆಯಾಗಿಯೇ ಕೇಳಿಸುತ್ತದೆ. ಅದು ಸೋಮಾರಿತನವಲ್ಲ, ತನ್ನನ್ನು ತಾನೇ ತೀರ್ಪಿಗೆ ಒಪ್ಪಿಸುವುದು. ಮೈಲ್ ದೂನ್ ಮೊದಲ ಬಿರುಗಾಳಿಯಲ್ಲೇ ಹಾಗೆ ಹೇಳುತ್ತಾನೆ. ಬ್ರೆಂಡನ್‌ಗೂ 15 ದಿನ ಗಾಳಿ ಸಿಕ್ಕಿ ಆಮೇಲೆ ನಿಂತಾಗ, ಹುಟ್ಟು ಹಾಕಿ ಸೋತ ಸಂಗಡಿಗರಿಗೆ ಅದೇ ಮಾತು.

ಮರಳಿ ಬಂದವನು ಬೂದಿಯಾಗುವುದೇಕೆ?

ಆಚೆಲೋಕದ ಹೊತ್ತು ನಮ್ಮದರಂತೆ ನಡೆಯುವುದಿಲ್ಲ. ಬ್ರಾನ್‌ನ ಸಂಗಡಿಗರಿಗೆ ಹೆಂಗಸರ ನಾಡಿನಲ್ಲಿ ಒಂದು ವರ್ಷ ಕಳೆದಂತೆ ಅನಿಸಿತ್ತು. ಕಳೆದದ್ದು ಎಷ್ಟೋ ತಲೆಮಾರು. ಕೊಲ್ಬ್ರನ್‌ನ ಮಗ ನೆಖ್ತಾನ್‌ಗೆ ಊರ ನೆನಪು ಕಾಡುತ್ತದೆ. ನೆಲ ಮಾತ್ರ ಮುಟ್ಟಬೇಡಿ ಎಂದು ಒಡತಿ ಹೇಳಿ ಕಳಿಸುತ್ತಾಳೆ. ಸ್ರುಬ್ ಬ್ರಾನ್ ಎಂಬ ದಡದಲ್ಲಿ ಜನ ಸೇರಿದ್ದಾರೆ, ನೀವು ಯಾರು ಎಂದು ಕೇಳುತ್ತಾರೆ. ನಾನು ಫೆಬಲ್‌ನ ಮಗ ಬ್ರಾನ್ ಎಂದರೆ, ‘ಅಂಥವನು ನಮಗೆ ಗೊತ್ತಿಲ್ಲ, ಬ್ರಾನ್‌ನ ಯಾನ ನಮ್ಮ ಹಳೆಯ ಕಥೆಗಳಲ್ಲಿದೆ’ ಎನ್ನುತ್ತಾರೆ. ನೆಖ್ತಾನ್ ದೋಣಿಯಿಂದ ಹಾರುತ್ತಾನೆ. ನೆಲ ತಾಗಿದ್ದೇ ತಡ, ನೂರಾರು ವರ್ಷ ಮಣ್ಣಲ್ಲಿದ್ದ ಹೆಣದಂತೆ ಬೂದಿಯ ಗುಪ್ಪೆ. ಬ್ರಾನ್ ಇಳಿಯುವುದಿಲ್ಲ. ನಡೆದದ್ದನ್ನೆಲ್ಲ ದೋಣಿಯಿಂದಲೇ ಹೇಳಿ, ಪದ್ಯಗಳನ್ನು ಓಗಮ್ ಎಂಬ ಹಳೆಯ ಐರಿಷ್ ಗೀರು ಲಿಪಿಯಲ್ಲಿ ಬರೆದುಕೊಟ್ಟು ಹೊರಟುಹೋಗುತ್ತಾನೆ.

ಮೈಲ್ ದೂನ್‌ನ ಕಥೆಯಲ್ಲಿ ಈ ನಿಯಮವಿಲ್ಲ, ಅವನು ಮನೆಗೆ ನಡೆದೇ ಹೋಗುತ್ತಾನೆ. ಎಲ್ಲ ಐರಿಷ್ ಯಾನಗಳಲ್ಲೂ ಕಾಲ ಹಿಗ್ಗುತ್ತದೆ ಎಂದು ಬರೆಯುವವರು ಎರಡನ್ನೂ ಕಲಸಿಬಿಟ್ಟಿರುತ್ತಾರೆ.

ಇದು ನಮ್ಮ ಕಕುದ್ಮಿ–ರೇವತಿಯರ ಕಥೆಯಂತೆಯೇ ಇದೆಯಲ್ಲ?

ಹೊತ್ತಿನ ಲೆಕ್ಕ ಮಾತ್ರ ಒಂದೇ. ಭಾಗವತದಲ್ಲಿ ಕಕುದ್ಮಿ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವರ ಗಾನ ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತವೆ. ಆದರೆ ಅವರು ಮರಳಿ ನೆಲಕ್ಕಿಳಿಯುತ್ತಾರೆ, ರೇವತಿ ಬಲರಾಮನ ಕೈ ಹಿಡಿಯುತ್ತಾಳೆ. ಕಳೆದ ಕಾಲ ಅವರ ಮೈಗೆ ಅಂಟುವುದಿಲ್ಲ. ನೆಖ್ತಾನ್‌ಗೆ ಅದು ನೆಲದಲ್ಲಿ ಕಾದು ಕೂತಿರುತ್ತದೆ. ಒಂದರಿಂದ ಇನ್ನೊಂದು ಬಂದಿತೆನ್ನಲು ಆಧಾರವಿಲ್ಲ.

ತೀರ್ ನ ನೋಗ್ ಕೂಡ ಇದೇ ಗುಂಪಿನದಲ್ಲವೇ?

ನಂಟಿದೆ, ಗುಂಪು ಬೇರೆ. ತೀರ್ ನ ನೋಗ್ ಎಂದರೆ ಹರೆಯದ ನಾಡು. ವೀರ ಓಷೀನ್ ಅಲ್ಲಿಗೆ ಕಡಲ ಮೇಲೆ ಹೋಗುವುದು ಆ ನಾಡಿನ ಹೊಂಗೂದಲಿನ ಹೆಣ್ಣು ನೀವ್‌ಳ ಬಿಳಿ ಕುದುರೆಯಲ್ಲಿ, ದೋಣಿಯಲ್ಲಲ್ಲ. 300 ವರ್ಷದ ನಂತರ ಬಂದವನು ಕಲ್ಲೆತ್ತಲು ಬಾಗುತ್ತಾನೆ, ಜೀನಿನ ಪಟ್ಟಿ ಹರಿಯುತ್ತದೆ, ನೆಲಕ್ಕೆ ಬಿದ್ದು ಹಣ್ಣು ಮುದುಕನಾಗುತ್ತಾನೆ. ಜನಪ್ರಿಯವಾದ ಈ ರೂಪ ಮೀಹಾಲ್ ಕೊಮೀನ್ ಎಂಬ ಕವಿಯ 18ನೇ ಶತಮಾನದ ಪದ್ಯದ್ದು; ಬ್ರಾನ್‌ನ ಕಥೆಗಿಂತ ಸಾವಿರ ವರ್ಷ ಎಳೆಯದು.

ಕೋನ್ಲನ ಕಥೆ ಹೆಚ್ಚು ಹತ್ತಿರ, ಹೆಚ್ಚು ಹಳೆಯದು ಕೂಡ. ನೂರು ಕಾಳಗಗಳ ಕೊನ್‌ನ ಮಗನಿಗೆ ಆಚೆಲೋಕದ ಹೆಣ್ಣು ಸೇಬೊಂದನ್ನು ಎಸೆಯುತ್ತಾಳೆ. ಒಂದು ತಿಂಗಳು ಅವನು ತಿನ್ನುವುದು ಅದನ್ನೊಂದೇ, ಅದು ಕರಗುವುದಿಲ್ಲ. ಮತ್ತೆ ಬಂದಾಗ ಅವಳ ಗಾಜಿನ ದೋಣಿಗೆ ಜಿಗಿದುಬಿಡುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು, ಮರಳುವ ಮಾತಿಲ್ಲ.

ದ್ವೀಪಗಳ ಹಿಂದೆ ನಿಜವಾದ ಜಾಗಗಳಿವೆಯೇ?

ಕೆಲವಕ್ಕೆ ಇರಬಹುದು. ಐರಿಷ್ ಸನ್ಯಾಸಿಗಳು ಉತ್ತರಕ್ಕೆ ಹೋಗಿದ್ದು ದಾಖಲಾದ ಮಾತು. 825ರಲ್ಲಿ ದಿಕುಯಿಲ್ ಎಂಬ ಐರಿಷ್ ವಿದ್ವಾಂಸ ಭೂಗೋಳದ ಗ್ರಂಥದಲ್ಲಿ, 30 ವರ್ಷಗಳ ಹಿಂದೆ ತೂಲೆ ದ್ವೀಪದಲ್ಲಿ ಫೆಬ್ರವರಿ 1ರಿಂದ ಆಗಸ್ಟ್ 1ರವರೆಗೆ ಇದ್ದ ಸನ್ಯಾಸಿಗಳ ಮಾತನ್ನು ಕೊಡುತ್ತಾನೆ: ಬೇಸಿಗೆಯಲ್ಲಿ ನಡುರಾತ್ರಿಯಲ್ಲೂ ಅಂಗಿಯ ಹೇನು ಹೆಕ್ಕುವಷ್ಟು ಬೆಳಕಿರುತ್ತದೆ. ಕಂಡವರೇ ಹೇಳಬೇಕಾದ ಮಾತು ಅದು. ತೂಲೆ ಎಂದರೆ ಐಸ್‌ಲ್ಯಾಂಡ್ ಎಂದೇ ಬಹುತೇಕರ ಮತ. ಅದೋಮ್ನಾನ್ ಬರೆದ ಸಂತ ಕೊಲಂಬನ ಚರಿತ್ರೆಯಲ್ಲಿ ಕೊರ್ಮಕ್ ಎಂಬವನು ತೆಂಕಣ ಗಾಳಿಗೆ 14 ಹಗಲು ರಾತ್ರಿ ಉತ್ತರಕ್ಕೆ ಹೋಗಿ, ಕಪ್ಪೆಯಷ್ಟು ದೊಡ್ಡ ಕುಟುಕುವ ಜೀವಿಗಳ ಹಿಂಡಿಗೆ ಸಿಕ್ಕು, ದೋಣಿಯ ತೊಗಲು ತೂತಾದೀತೆಂದು ನಡುಗುತ್ತಾನೆ.

ಹಾಗಾಗಿ ಬ್ರೆಂಡನ್ ಕಂಡ ಹರಳಿನ ಕಂಬ ಹಿಮಬೆಟ್ಟ, ಕಾದ ಲೋಹದುಂಡೆ ಎಸೆಯುವ ಕಮ್ಮಾರರ ದ್ವೀಪ ಜ್ವಾಲಾಮುಖಿ ಎಂಬ ಊಹೆ ಒಪ್ಪತಕ್ಕದ್ದೇ. ಆದರೆ ಪ್ರತಿ ದ್ವೀಪಕ್ಕೂ ನಕ್ಷೆಯಲ್ಲಿ ಚುಕ್ಕೆ ಇಡಹೊರಟರೆ ಕಥೆ ಸಾಯುತ್ತದೆ. ಮೈಲ್ ದೂನ್ ಕಂಡ ಬೆಳ್ಳಿಯ ಕಂಬ ನಾಲ್ಕು ಮುಖದ್ದು, ಒಂದೊಂದು ಮುಖ ಎರಡು ಹುಟ್ಟಿನೇಟಿನಷ್ಟು ಅಗಲ, ಸುತ್ತಲು ಎಂಟು ಏಟು. ಮೇಲಿಂದ ಇಳಿಬಿದ್ದ ಬೆಳ್ಳಿಬಲೆಯ ಒಂದು ಕಣ್ಣಿನೊಳಗಿಂದ ದೋಣಿ ಹಾಯಿ ಸಮೇತ ದಾಟುತ್ತದೆ. ಕವಿ ದಿಯುರಾನ್ ಬಲೆಯ ತುಂಡು ಕತ್ತರಿಸಿ ಆರ್ಮಾ ಚರ್ಚಿನ ಬಲಿಪೀಠಕ್ಕೆ ಒಪ್ಪಿಸುತ್ತಾನೆ. ತೂಗಿದಾಗ ಎರಡೂವರೆ ಔನ್ಸ್. ಇದನ್ನು ಹಿಮಬೆಟ್ಟ ಎನ್ನುವವರು ಔನ್ಸ್‌ನ ಲೆಕ್ಕಕ್ಕೆ ಏನು ಹೇಳುತ್ತಾರೋ.

ಬ್ರೆಂಡನ್‌ನ ತಿಮಿಂಗಿಲ ಒಮ್ಮೆ ಬಂದು ಹೋಗುತ್ತದೆಯೇ?

ಇಲ್ಲ, ಪ್ರತಿ ಈಸ್ಟರ್‌ಗೂ ಬರುತ್ತದೆ. ಅದರ ಹೆಸರು ಯಾಸ್ಕೋನಿಯಸ್. ಮೊದಲ ವರ್ಷ ದ್ವೀಪವೆಂದು ತಿಳಿದು ಇಳಿದ ಸನ್ಯಾಸಿಗಳು ಒಲೆ ಹೊತ್ತಿಸಿ ಹಂಡೆ ಇಟ್ಟಾಗ ನೆಲ ಅಲುಗಿತು, ಹಂಡೆ ಬಿಟ್ಟು ಓಡಿದರು. ಮರುವರ್ಷ ಬಂದಾಗ ಹಂಡೆ ಅದರ ಬೆನ್ನ ಮೇಲೆಯೇ ಇತ್ತು. ಬ್ರೆಂಡನ್‌ನ ಯಾನ ಏಳು ವರ್ಷದ ಸುತ್ತು: ಈಸ್ಟರ್‌ಗೆ ಮೊದಲಿನ ಗುರುವಾರ ಕುರಿಗಳ ದ್ವೀಪ, ಈಸ್ಟರ್‌ಗೆ ತಿಮಿಂಗಿಲ, ಏಳು ವಾರದ ನಂತರದ ಪೆಂಟೆಕೋಸ್ಟ್ ಹಬ್ಬದ‌ವರೆಗೆ ಹಕ್ಕಿಗಳ ದ್ವೀಪ, ಕ್ರಿಸ್‌ಮಸ್‌ಗೆ ಆಲ್ಬೆಯ ಮೌನ ಮಠ. ಹಬ್ಬದ ಪಂಚಾಂಗವೇ ಇಲ್ಲಿ ದಿಕ್ಸೂಚಿ.

ಮಕ್ಕಳಿಗೆ ಅಥವಾ ಸಭೆಯಲ್ಲಿ ಹೇಳಬೇಕು, ಯಾವುದನ್ನು ಆರಿಸುವುದು?

ಮೈಲ್ ದೂನ್‌ನದನ್ನು. ಇಡೀ ಕಥೆ ಒಂದೇ ಕೂಟದಲ್ಲಿ ನಿಲ್ಲುವುದಿಲ್ಲ, ಹತ್ತು ದ್ವೀಪ ದಾಟುವಷ್ಟರಲ್ಲಿ ಕೇಳುವವರು ಎಣಿಕೆ ಬಿಡುತ್ತಾರೆ. ಏಳೆಂಟು ದ್ವೀಪ ಸಾಕು. ಕೊಂದವರ ದ್ವೀಪ, ಬೆಕ್ಕು, ಅಳುವವರು, ನಗುವವರು ಇವು ನಾಲ್ಕನ್ನು ಬಿಡುವಂತಿಲ್ಲ. ಬಿಟ್ಟರೆ 17 ಮತ್ತು 3ರ ಲೆಕ್ಕ ಚುಕ್ತಾ ಆಗದು. ನಡುವೆ ರುಚಿಗೆ ತಕ್ಕಂತೆ ಮರಿಕುದುರೆಯಷ್ಟು ದೊಡ್ಡ ಇರುವೆಗಳು. ಹಿತ್ತಾಳೆ ಗೋಡೆಯ ಈಚೆಗೆ ಬಂದರೆ ಬಿಳಿ, ಆಚೆಗೆ ಹೋದರೆ ಕರಿ ಆಗುವ ಕುರಿಗಳು. ಬುಧವಾರ ಶುಕ್ರವಾರ ನೀರು ಮಜ್ಜಿಗೆ, ಭಾನುವಾರ ಹಾಲು, ಹಬ್ಬಕ್ಕೆ ಮದ್ಯ ಸುರಿಸುವ ಬುಗ್ಗೆ. ಮುದಿ ಹಕ್ಕಿ ಮಿಂದು ಹರೆಯಕ್ಕೆ ಮರಳುವ ಕೆರೆ.

ಸಾಮಾನ್ಯವಾಗಿ ಕೆಡುವುದು ಕೊನೆಯಲ್ಲಿ. ಸೇಡಿನ ಕಥೆ ಎಂದು ಶುರುಮಾಡಿದವರು ಕೊಲೆಯಲ್ಲಿ ಮುಗಿಸಿಬಿಡುತ್ತಾರೆ. ಮೂಲದಲ್ಲಿ ಟೋರಿ ದ್ವೀಪದ ಮುದಿ ಸನ್ಯಾಸಿ ಅಡ್ಡ ಬರುತ್ತಾನೆ. ಮಠದ ಅಡುಗೆಯವನಾಗಿದ್ದು, ಮಠದ ಆಸ್ತಿ ಕದ್ದು ಕಡಲಿಗೆ ಬಂದವನು. ಕದ್ದದ್ದನ್ನೆಲ್ಲ ನೀರಿಗೆಸೆದ ಮೇಲೆ ಏಳು ರೊಟ್ಟಿ, ಒಂದು ಬಟ್ಟಲು ಮಜ್ಜಿಗೆ ನೀರಿನಲ್ಲಿ ಏಳು ವರ್ಷ ಬದುಕಿದವನು. ‘ನಿನ್ನ ತಂದೆಯ ಕೊಲೆಗಾರ ಸಿಗುತ್ತಾನೆ, ಕೊಲ್ಲಬೇಡ. ನೀವೂ ಸಾವಿಗೆ ತಕ್ಕವರೇ, ದೇವರು ನಿಮ್ಮನ್ನು ಉಳಿಸಿಲ್ಲವೇ’ ಎನ್ನುತ್ತಾನೆ. ಐರ್ಲೆಂಡಿನಲ್ಲಿರುವಂಥದೇ ಒಂದು ಡೇಗೆ ಹಕ್ಕಿಯ ಹಿಂದೆ ಹೋಗಿ ಅವರು ಮೊದಲ ರಾತ್ರಿಯ ದ್ವೀಪಕ್ಕೇ ಬರುತ್ತಾರೆ. ಒಳಗೆ ಅದೇ ಜನ ಊಟಕ್ಕೆ ಕೂತು, ಈಗ ಮೈಲ್ ದೂನ್ ಬಂದರೆ ಏನು ಮಾಡೋಣ ಎಂದು ಮಾತಾಡುತ್ತಿದ್ದಾರೆ. ಇಷ್ಟು ಕಷ್ಟಪಟ್ಟವನಿಗೆ ಸ್ವಾಗತ ಹೇಳೋಣ ಎನ್ನುತ್ತಾನೆ ಒಬ್ಬ. ಮೈಲ್ ದೂನ್ ಬಾಗಿಲು ಬಡಿಯುತ್ತಾನೆ.

ತೀರಾ ಚಿಕ್ಕ ಮಕ್ಕಳಿದ್ದರೆ ಕೊರ್ರ ಸಹೋದರರ ಕಥೆ ಬೇಡ. ಪಿಶಾಚಿಗೆ ಹರಕೆ ಹೊತ್ತು ಹುಟ್ಟಿದವರು, ಚರ್ಚು ಸುಟ್ಟವರು, ಪಶ್ಚಾತ್ತಾಪಪಟ್ಟು ಅವನ್ನು ಮತ್ತೆ ಕಟ್ಟಿ ಆಮೇಲೆ ಕಡಲಿಗಿಳಿದವರು. ಅವರು ಕಾಣುವ ದ್ವೀಪಗಳಲ್ಲಿ ನರಕದ ಶಿಕ್ಷೆಗಳೇ ಹೆಚ್ಚು.

ಹಾಯ್-ಬ್ರಸಿಲ್ ಎಂಬ ದ್ವೀಪಕ್ಕೂ ಬ್ರೆಜಿಲ್ ದೇಶಕ್ಕೂ ಸಂಬಂಧವಿದೆಯೇ?

ಇಲ್ಲ. ಐರ್ಲೆಂಡಿನ ಪಡುವಣಕ್ಕೆ ಇದೆಯೆಂದು ನಂಬಿದ್ದ ಈ ದ್ವೀಪ 1325ರ ಹೊತ್ತಿಗೇ ನಕ್ಷೆಯಲ್ಲಿತ್ತು, 19ನೇ ಶತಮಾನದವರೆಗೂ ಅಲ್ಲೊಂದು ಇಲ್ಲೊಂದು ನಕ್ಷೆಯಲ್ಲಿ ಉಳಿದಿತ್ತು. ದೇಶದ ಹೆಸರು ಬಣ್ಣ ಕೊಡುವ ಮರದಿಂದ ಬಂದದ್ದು.

ಹಸ್ತಪ್ರತಿಗಳನ್ನೂ ಜಾಗಗಳನ್ನೂ ಎಲ್ಲಿ ನೋಡಬಹುದು?

ಮೈಲ್ ದೂನ್ ಮತ್ತು ಬ್ರಾನ್ ಕಥೆಗಳ ಭಾಗಗಳಿರುವ ಅತಿ ಹಳೆಯ ಪ್ರತಿ ‘ಕಂದು ಹಸುವಿನ ಪುಸ್ತಕ’. ಅದರ ಲಿಪಿಕಾರರಲ್ಲೊಬ್ಬನಾದ ಮೈಲ್ ಮುಯಿರೆ 1106ರಲ್ಲಿ ಕ್ಲೊನ್‌ಮಕ್‌ನೋಯಿಸ್‌ನಲ್ಲಿ ದರೋಡೆಕೋರರ ಕೈಯಲ್ಲಿ ಸತ್ತ. ಪ್ರತಿ ಈಗ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಅದರಲ್ಲಿ ಕಳೆದ ಹಾಳೆಗಳ ಕಥಾಭಾಗ ಸಿಗುವುದು ಟ್ರಿನಿಟಿ ಕಾಲೇಜಿನ ‘ಲೆಕನ್‌ನ ಹಳದಿ ಪುಸ್ತಕ’ದಲ್ಲಿ. ಎರಡರ ಪುಟಗಳೂ ಐರಿಷ್ ಹಸ್ತಪ್ರತಿಗಳ ಡಿಜಿಟಲ್ ಸಂಗ್ರಹದಲ್ಲಿ ನೋಡಸಿಗುತ್ತವೆ.

ಜಾಗಗಳಲ್ಲಿ, ಸ್ರುಬ್ ಬ್ರಾನ್ ಎಂದು ಸಾಮಾನ್ಯವಾಗಿ ಗುರುತಿಸುವುದು ಡೊನೆಗಾಲ್‌ನ ಇನಿಶೋವೆನ್ ತುದಿಯ ಸ್ಟ್ರೂವ್ ಅನ್ನು. ಪಕ್ಕದ ಫಾಯ್ಲ್ ಕೊಲ್ಲಿಯ ಹೆಸರಿನಲ್ಲಿ ಫೆಬಲ್‌ನ ಹೆಸರೇ ಇದೆ. ಡಿಂಗಲ್ ಪರ್ಯಾಯ ದ್ವೀಪದ ಬ್ರಾಂಡನ್ ಬೆಟ್ಟ 952 ಮೀಟರ್, ಯಾತ್ರಿಕರ ಹಾದಿಯಿದೆ. ಮೋಡ ಕವಿದರೆ ದಾರಿ ತಪ್ಪುವುದು ಸುಲಭ. ಬ್ರಾಂಡನ್ ಕ್ರೀಕ್ ಅದರ ಬುಡದಲ್ಲೇ. ಸೆವೆರಿನ್‌ರ ದೋಣಿಯನ್ನು ಇಟ್ಟಿರುವುದು ಕ್ಲೇರ್‌ನ ಕ್ರಗ್ಗೌನೋವೆನ್‌ನಲ್ಲಿ. ತೊಗಲಿನ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ತೆರೆದಿರುವ ತಿಂಗಳುಗಳನ್ನು ಮೊದಲೇ ವಿಚಾರಿಸಿಕೊಳ್ಳಿ.